ಬೆಲ್‌ಫಾಸ್ಟಿನ ಗೋಡೆ, ಬದಿಯಡ್ಕದ ಭಾವ

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಬಾಂಬೆ ಸ್ಟ್ರೀಟ್ ಅಂತ ಒಂದು ಬೀದಿ ಇದೆ. ಊರಿಂದ ಬಂದ ನೆಂಟರಿಗೆ ನಾನು ಮೊದಲು ತೋರಿಸುವುದು ಅದನ್ನೇ. ಈ ಸಲ ಕಾಸರಗೋಡಿನ ಬದಿಯಡ್ಕದಿಂದ ಭಾವ ಬಂದಿದ್ದರು. ಹೆಸರು ಕೇಳಿ ನಕ್ಕರು. 1969ರ ಆಗಸ್ಟ್ 15ರಂದು ಇಲ್ಲಿದ್ದ ಕ್ಯಾಥೊಲಿಕರ ಮನೆಗಳಿಗೆ ಬೆಂಕಿ ಇಟ್ಟರು ಅಂದಾಗ ನಗು ನಿಂತಿತು.

ಆ ವರ್ಷ ಬ್ರಿಟಿಷ್ ಸೈನ್ಯ ಕ್ಯಾಥೊಲಿಕರು, ಪ್ರಾಟೆಸ್ಟೆಂಟರು ಅಂತ ಎರಡು ಕಡೆಯವರ ನಡುವೆ ಬೇಲಿ ಹಾಕಿತು, ತಾತ್ಕಾಲಿಕ ಅಂತ. ಈಗ ಅಲ್ಲಿ ಗೋಡೆ, ಗೋಡೆಯ ಮೇಲೆ ತಗಡು, ಅದರ ಮೇಲೆ ತಂತಿಬಲೆ. ಎರಡು ಮಾಳಿಗೆಯ ಮನೆಗಿಂತ ಎತ್ತರ. ಗೋಡೆಗೆ ತಾಗಿದ ಹಿತ್ತಲುಗಳಿಗೂ ಕಬ್ಬಿಣದ ಜಾಲರಿ, ಆಚೆಯಿಂದ ಕಲ್ಲು, ಬಾಟಲಿ ಬಂದು ಬೀಳಬಾರದಲ್ಲ. ಒಂದು ಜಾಲರಿಯ ಒಳಗೆ ಮಗುವಿನ ಬಟ್ಟೆ ಒಣಗಲು ಹಾಕಿದ್ದರು.

"ಕೋಳಿಗೂಡಿನ ಹಾಗೆ ಉಂಟಲ್ಲ ಮಾರಾಯ" ಅಂದರು ಭಾವ. "ರಾಜಿ ಆಗಿದೆ ಅಂತೀಯ, ಮತ್ತೆ ಯಾಕೆ ತೆಗೆಯಲಿಲ್ಲ?"

ಈ ಎರಡು ಕಡೆಯವರ ಜಗಳದಲ್ಲಿ ಸುಮಾರು 3,500 ಮಂದಿ ಸತ್ತ ಮೇಲೆ, 1998ರ ಗುಡ್ ಫ್ರೈಡೇ ದಿನ ಒಪ್ಪಂದ ಆಯಿತು. 2023ರೊಳಗೆ ಗೋಡೆಗಳನ್ನೆಲ್ಲ ತೆಗೆಯುತ್ತೇವೆ ಅಂತ 2013ರಲ್ಲಿ ಇಲ್ಲಿನ ಸರಕಾರ ಹೇಳಿತ್ತು. ಆಗಲಿಲ್ಲ. ಗೋಡೆ ಪಕ್ಕದವರಲ್ಲೇ ಎಷ್ಟೋ ಜನ ಇರಲಿ ಬಿಡಿ ಅನ್ನುತ್ತಾರೆ. ಕೆಲವು ಗೇಟುಗಳನ್ನು ಈಗಲೂ ರಾತ್ರಿ ಮುಚ್ಚುತ್ತಾರೆ.

ಹಾಗಂತ ಜಗಳ ಬೈಬಲ್ಲಿನದ್ದಲ್ಲ. ಬ್ರಿಟನ್ ಜೊತೆ ಇರಬೇಕೋ, ಐರ್ಲೆಂಡಿಗೆ ಸೇರಬೇಕೋ ಅನ್ನುವುದು. (ಯಾವ ರಾಜ್ಯ ಅನ್ನುವ ತಕರಾರನ್ನು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾ? 1956ರಿಂದ ಕೇಳುತ್ತಲೇ ಇದ್ದೇವೆ. ಪುಣ್ಯಕ್ಕೆ ನಮ್ಮದು ಮತದ ಜಗಳ ಆಗಲಿಲ್ಲ.)

ಗೋಡೆ ನನಗೆ ಅಭ್ಯಾಸ ಆಗಿದೆ. ಅಭ್ಯಾಸ ಆಗದ್ದು ಶಾಲೆ ಬಿಡುವ ಹೊತ್ತು. ಬಸ್ಸಲ್ಲಿ ಯೂನಿಫಾರ್ಮ್ ನೋಡಿಯೇ ಯಾವ ಮಗು ಯಾವ ಕಡೆಯದು ಅಂತ ಇಲ್ಲಿನವರು ಹೇಳಿಬಿಡುತ್ತಾರೆ. ಹೆಚ್ಚಿನ ಮಕ್ಕಳಿಗೆ ಇವತ್ತಿಗೂ ಬೇರೆ ಬೇರೆ ಶಾಲೆ. ಒಟ್ಟಿಗೆ ಕೂರಿಸಬೇಕು ಅಂತಲೇ ಕೆಲವು ಹೆತ್ತವರು ಹಟ ಹಿಡಿದು ಕಟ್ಟಿದ ಮೊದಲ ಶಾಲೆ ಲ್ಯಾಗನ್ ಕಾಲೇಜು. 1981ರಲ್ಲಿ ಶುರುವಾದಾಗ ಇದ್ದದ್ದು 28 ಮಕ್ಕಳು.

ನಾವೆಲ್ಲ ಕಲಿತ ಕನ್ನಡ ಶಾಲೆಯಲ್ಲಿ ಭಟ್ಟರ ಮಗ, ಬ್ಯಾರಿಗಳ (ಮುಸ್ಲಿಮರ) ಮಗ, ಪೊರ್ಬುಗಳ (ಕ್ರಿಶ್ಚಿಯನ್ನರ) ಮಗ ಒಂದೇ ಬೆಂಚು ಅಲ್ವಾ, ಅಂದೆ. ಭಾವ ಹೂಂ ಅನ್ನಲಿಲ್ಲ.

"ಅದು ನಿನ್ನ ಕಾಲದ ಮಾತು. ಈಗ ಅವರವರಿಗೆ ಅವರವರ ಶಾಲೆ. ನನ್ನ ಮಗಳ ಕ್ಲಾಸಲ್ಲಿ ಬೇರೆ ಮತದವರು ಯಾರಿದ್ದಾರೆ ಅಂತ ಕೇಳಿದರೆ ಆಲೋಚನೆ ಮಾಡಬೇಕು."

"ಮತ್ತೆ ಯಾಕೆ ಅಲ್ಲಿಗೆ ಸೇರಿಸಿದ್ದು?"

"ಎಂತ ಇಲ್ಲ. ಇಂಗ್ಲಿಷ್ ಮೀಡಿಯಂ, ಮನೆ ಬಾಗಿಲಿಗೆ ವ್ಯಾನು ಬರುತ್ತದೆ."

ನನ್ನ ಜೊತೆ ಕೆಲಸ ಮಾಡುವ ಇಲ್ಲಿನವರನ್ನು ಕೇಳಿದರೂ ಇಷ್ಟೇ ಹೇಳುತ್ತಾರೆ. ಒಳ್ಳೆ ಶಾಲೆ, ಮನೆಗೆ ಹತ್ತಿರ.