ಕೈಯಲ್ಲಿ ಕೆಲಸ, ನಾಲಿಗೆಯಲ್ಲಿ ಜಿಕ್ರ್

ದಾವಣಗೆರೆಯ ಮಂಡಿಪೇಟೆಯಲ್ಲಿ ಸ್ವಲ್ಪ ಹೊತ್ತು ಸುಮ್ನೆ ನಿಂತುಕೊಳ್ಳಿ. ಬೋಣಿ ಮಾಡುವಾಗ ಬಿಸ್ಮಿಲ್ಲಾ (ಅಲ್ಲಾಹನ ಹೆಸರಿನಲ್ಲಿ), ವ್ಯಾಪಾರ ಹೇಗಿದೆ ಅಂದ್ರೆ ಅಲ್ಹಮ್ದುಲಿಲ್ಲಾ (ಸ್ತುತಿಯೆಲ್ಲ ಅಲ್ಲಾಹನಿಗೆ), ನಾಳೆ ಬರ್ತೀರಾ ಅಂದ್ರೆ ಇನ್ಶಾ ಅಲ್ಲಾ (ಅಲ್ಲಾಹ್ ಬಯಸಿದರೆ), ಎಲ್ಲವೂ ಕಿವಿಗೆ ಬೀಳುತ್ತವೆ. ಎಷ್ಟೋ ಸಲ ಹೇಳಿದವರಿಗೇ ತಾವು ಹೇಳಿದ್ದು ಗೊತ್ತಾಗುವುದಿಲ್ಲ. ಮನಸ್ಸಿಟ್ಟು ಹೇಳದಿದ್ದರೆ ಏನು ಬಂತು ಅಂತ ಬೈಯುವವರೂ ಇದ್ದಾರೆ. ನಾನು ಅಷ್ಟು ಬೈಯಲಾರೆ. ಕೈ ತುಂಬ ಕೆಲಸ ಇರುವವರಿಗಾಗಿಯೇ ಈ ಜಿಕ್ರ್, ಅಂದರೆ ದೇವರನ್ನು ನೆನೆಯುವ ಮಾತು, ಬಂದದ್ದು ಅನ್ನಿಸುತ್ತದೆ.

ಪ್ರವಾದಿ ಮುಹಮ್ಮದರ ನಡೆ-ನುಡಿಗಳ ದಾಖಲೆಯಾದ ಹದೀಸಿನಲ್ಲಿ ಬರುವ ಫಾತಿಮಾ ಅವರ ಪ್ರಸಂಗ ನೋಡಿ. ಪ್ರವಾದಿಯವರ ಮಗಳು, ಆದರೂ ಮನೆಯಲ್ಲಿ ಬೀಸುವ ಕಲ್ಲು ತಿರುಗಿಸಿ ತಿರುಗಿಸಿ ಕೈ ನೊಂದಿತ್ತು. ಕೆಲಸಕ್ಕೆ ಒಬ್ಬ ಆಳು ಕೊಡಿ ಅಂತ ತಂದೆಯನ್ನು ಕೇಳಲು ಹೋದರು. ತಂದೆ ಸಿಗಲಿಲ್ಲ, ಪ್ರವಾದಿಯವರ ಪತ್ನಿ ಆಯಿಷಾ ಅವರಿಗೆ ಹೇಳಿ ಬಂದರು. ರಾತ್ರಿ ಗಂಡ ಹೆಂಡತಿ ಮಲಗಿದ ಮೇಲೆ ಪ್ರವಾದಿಯವರೇ ಬಂದು, ಏಳಬೇಡಿ ಅಂತ ಹೇಳಿ, ಇಬ್ಬರ ನಡುವೆ ಕೂತರು. ಅವರ ಪಾದದ ತಂಪು ನನ್ನ ಎದೆಗೆ ತಾಗಿತು ಅಂತ ಫಾತಿಮಾರ ಗಂಡ ಅಲಿ ನೆನೆಸಿಕೊಳ್ಳುತ್ತಾರೆ. ಆಳಿಗಿಂತ ಒಳ್ಳೆಯದನ್ನು ಹೇಳಿಕೊಡುತ್ತೇನೆ ಅಂತ ಕೊಟ್ಟದ್ದು ಇದು: ಮಲಗುವಾಗ 33 ಸಲ ಸುಬ್‌ಹಾನಲ್ಲಾ (ಅಲ್ಲಾಹ್ ಪರಿಶುದ್ಧ), 33 ಸಲ ಅಲ್ಹಮ್ದುಲಿಲ್ಲಾ, 34 ಸಲ ಅಲ್ಲಾಹು ಅಕ್ಬರ್ (ಅಲ್ಲಾಹ್ ಎಲ್ಲಕ್ಕಿಂತ ದೊಡ್ಡವನು).

ಮೊದಲ ಸಲ ಕೇಳಿದರೆ ಸ್ವಲ್ಪ ಬೇಜಾರೇ ಆಗುತ್ತದೆ, ಅಲ್ವಾ? ಕೇಳಿದ್ದು ಆಳು, ಸಿಕ್ಕಿದ್ದು ತಸ್ಬಿ, ಅಂದರೆ ಎಣಿಸಿ ಹೇಳುವ ದೇವರ ಸ್ಮರಣೆ. ಬೀಸುವ ಕಲ್ಲು ಮರುದಿನವೂ ಅಲ್ಲೇ ಇತ್ತು. ಆದರೆ ಆ ಮನೆಯವರು ಅದನ್ನು ಕಡಿಮೆ ಅಂದುಕೊಳ್ಳಲಿಲ್ಲ. ಅಂದಿನಿಂದ ಒಂದು ರಾತ್ರಿಯೂ ಬಿಟ್ಟಿಲ್ಲ ಅಂತ ಅಲಿ ಹೇಳಿದಾಗ, ಅಲಿಯವರೇ ಹೋರಾಡಿದ ಸಿಫ್ಫೀನ್ ಯುದ್ಧದ ರಾತ್ರಿಯೂ ಬಿಡಲಿಲ್ಲವಾ ಅಂತ ಯಾರೋ ಕೇಳಿದರಂತೆ. ಆ ರಾತ್ರಿಯೂ ಬಿಡಲಿಲ್ಲ ಅಂದರು.

ನಮ್ಮೂರಿನ ಮಂಡಕ್ಕಿ ಭಟ್ಟಿ ಕಂಡವರಿಗೆ ಆ ನೊಂದ ಕೈಯನ್ನು ವಿವರಿಸಬೇಕಿಲ್ಲ. ಬೆಳಕು ಹರಿಯುವ ಮೊದಲೇ ಒಲೆ ಹತ್ತುತ್ತದೆ. ಕಾದ ಮರಳಿಗೆ ಅಕ್ಕಿ ಬಿದ್ದ ಕ್ಷಣದಲ್ಲೇ ಚಟಪಟ ಅಂತ ಅರಳುತ್ತದೆ, ಒಂದು ಚೂರು ತಡವಾದರೂ ಸೀದು ಹೋಗುತ್ತದೆ. ಹೊಗೆ, ಬೆವರು, ಕಣ್ಣುರಿ. ಅಲ್ಲಿ ಜಾನಮಾಜ್ (ನಮಾಜಿನ ಚಾಪೆ) ಹಾಸಿ ಧ್ಯಾನಕ್ಕೆ ಕೂರುವ ಮಾತೇ ಇಲ್ಲ. ಅಕ್ಕಿ ಸುರಿಯುವಾಗ ಒಂದು ಬಿಸ್ಮಿಲ್ಲಾ, ಜರಡಿ ಹಿಡಿದ ಮೇಲೆ ಒಂದು ಅಲ್ಹಮ್ದುಲಿಲ್ಲಾ, ಅಷ್ಟಕ್ಕೆ ಮಾತ್ರ ಸಮಯ.

ಆದರೆ ಬಿಸ್ಮಿಲ್ಲಾ ಅಂದ ಮೇಲೆ ಕೈಗೂ ಒಂದು ಕಟ್ಟು ಬೀಳುತ್ತದೆ. ಮಂಡಕ್ಕಿಯನ್ನು ಸೇರಿನಲ್ಲಿ ಅಳೆದು ಕೊಡುವುದು ನಮ್ಮ ಕಡೆಯ ರೂಢಿ. ಹಗುರ ಪದಾರ್ಥ, ಸೇರಿನ ತಳದಲ್ಲಿ ಗಾಳಿ ಬಿಟ್ಟು ಮೇಲೆ ಗೋಪುರ ಮಾಡಿದರೆ ಗಿರಾಕಿಗೆ ಗೊತ್ತೂ ಆಗುವುದಿಲ್ಲ. ಕುರಾನಿನ 83ನೇ ಸೂರಾ (ಅಧ್ಯಾಯ) ಶುರುವಾಗುವುದೇ ಅಳತೆಯಲ್ಲಿ ಕಡಿಮೆ ಕೊಡುವವರಿಗೆ ಕೇಡು ಅಂತ, ಮತ್ತು ಅದರ ತಲೆಯ ಮೇಲೂ ಬಿಸ್ಮಿಲ್ಲಾ ಇದೆ. ಅದೇ ಮಾತು ಹೇಳಿ ಅದೇ ಕೈಯಲ್ಲಿ ಸೇರು ತುಂಬುವವನು ಹೇಗೆ ತುಂಬಬೇಕು ನೀವೇ ಹೇಳಿ.

ಇನ್ಶಾ ಅಲ್ಲಾದ್ದು ಬೇರೆಯೇ ಕಥೆ. ರಂಜಾನ್ ಹಬ್ಬ ಹತ್ತಿರ ಬಂದಾಗ ಟೈಲರ್ ಅಂಗಡಿಯಲ್ಲಿ ಈ ಮಾತು ಕೇಳಿಸಿತು ಅಂದ್ರೆ ಬಟ್ಟೆ ಸಿಗಲ್ಲ ಅಂತ ಅರ್ಥ ಮಾಡಿಕೊಳ್ಳುವಷ್ಟು ಕೆಟ್ಟಿದೆ. "ಭಾಯ್, ಇನ್ಶಾ ಅಲ್ಲಾ ಆಮೇಲೆ, ಮೊದ್ಲು ದಿನ ಹೇಳ್ರಿ" ಅನ್ನುತ್ತಾರೆ ಗಿರಾಕಿಗಳು. ತಪ್ಪು ಅವರದಲ್ಲ. ನಾಳೆ ಇದನ್ನು ಮಾಡುತ್ತೇನೆ ಅನ್ನುವಾಗ ಅಲ್ಲಾಹ್ ಬಯಸಿದರೆ ಅಂತ ಸೇರಿಸು, ಹಾಗೇ ಹೇಳಿಬಿಡಬೇಡ ಅನ್ನುತ್ತದೆ ಕುರಾನಿನ ಸೂರಾ ಕಹಫ್. ಮಾಡುವ ಮನಸ್ಸಿದ್ದವನಿಗೆ ಹೇಳಿದ ಮಾತು ಅದು. ಮಾಡುವ ಮನಸ್ಸಿಲ್ಲದವನು ತನ್ನ ಸೋಮಾರಿತನಕ್ಕೆ ದೇವರ ಹೆಸರು ಹಾಕಿದರೆ ಹೇಗೆ?

ಅದೇ ಕಡೆ ಮುಂದಕ್ಕೆ, ಮರೆತರೆ ನಿನ್ನ ಒಡೆಯನನ್ನು ನೆನೆ ಅಂತಲೂ ಇದೆ. ಮನುಷ್ಯ ಮರೆಯುತ್ತಾನೆ ಅನ್ನುವುದು ಲೆಕ್ಕಕ್ಕೆ ಬಂದೇ ಇದೆ. ಊಟದ ವಿಷಯದಲ್ಲೂ ಹಾಗೆಯೇ. ಬಿಸಿ ಬಿಸಿ ಬೆಣ್ಣೆ ದೋಸೆ ಮುಂದೆ ಬಂದಾಗ ಯಾರಿಗೆ ತಾನೇ ನೆನಪಿರುತ್ತದೆ? ಅರ್ಧ ದೋಸೆ ಮುಗಿದ ಮೇಲೆ ನೆನಪಾದರೂ ತಡವಾಗಿಲ್ಲ. ಮೊದಲಿಗೂ ಕೊನೆಗೂ ಸೇರಿಸಿ ಒಂದೇ ಸಲ ಹೇಳುವ ಬಿಸ್ಮಿಲ್ಲಾವನ್ನು ಪ್ರವಾದಿಯವರೇ ಕಲಿಸಿದ್ದಾರೆ, "ಬಿಸ್ಮಿಲ್ಲಾಹಿ ಅವ್ವಲಹೂ ವ ಆಖಿರಹೂ." ತುತ್ತು ಬಾಯಲ್ಲಿದ್ದರೆ ನುಂಗಿ ಹೇಳಿ, ಅಷ್ಟೇ.