ಮಂಗಳೂರಿಗೆ ಒಯ್ದ ಕೊಡ

ಮೊನ್ನೆ ಕಾಕಾನ ಮಗಳು ವಾಟ್ಸಾಪಿನಲ್ಲಿ ಕೇಳಿದಳು, "ಅಕ್ಕಾ, ಹಾಸ್ಟೆಲಿಗೆ ಏನೇನ್ ಒಯ್ಬೇಕು, ಒಂದ್ ಲಿಸ್ಟ್ ಮಾಡಿ ಕಳಸು." ನಾನು ಒಲೆ ಮುಂದೆ ನಿಂತೇ ಹತ್ತು ನಿಮಿಷದಲ್ಲಿ ಟೈಪ್ ಮಾಡಿ ಕಳಿಸಿಬಿಟ್ಟೆ. ಎರಡು ಛತ್ರಿ, ರಬ್ಬರ್ ಚಪ್ಪಲಿ, ಬೇಗ ಒಣಗುವ ಬಟ್ಟೆ, ನೈಲಾನ್ ಹಗ್ಗ, ಕ್ಲಿಪ್ಪು, ನುಸಿಗುಳಿಗೆ, ಬಿಗಿಯಾದ ಮುಚ್ಚಳ ಇರುವ ಸ್ಟೀಲ್ ಡಬ್ಬಿ. ಜೀನ್ಸ್ ಒಂದೇ ಸಾಕು. ಕೌದಿ ಬೇಡವೇ ಬೇಡ. ಕಳಿಸಿದ ಮೇಲೆ ಇಷ್ಟು ಪಟಪಟ ಅಂತ ಹೇಗೆ ಬರೆದೆ ಅಂತ ನನಗೇ ಆಶ್ಚರ್ಯವಾಯಿತು. ಒಂಬತ್ತು ತಿಂಗಳು ಪೆಟ್ಟು ತಿಂದು ಕಲಿತ ಪಾಠ, ಹೇಗೆ ಮರೆಯುತ್ತೆ?

ಅದು 2015ರ ಆಗಸ್ಟ್. ಸಿಇಟಿಯಲ್ಲಿ ನನಗೆ ಮಂಗಳೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ನಮ್ಮದು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಒಂದು ಹಳ್ಳಿ. ಲಿಂಬೆ ಗಿಡ, ಜೋಳ, ಬಿಸಿಲು, ಇಷ್ಟೇ. ನಮ್ಮ ಕಡೆ ವರ್ಷಪೂರ್ತಿ ಸೇರಿಸಿದರೂ ಮಳೆ 600 ಮಿಲಿಮೀಟರ್ ಆಸುಪಾಸು. ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಜಾಸ್ತಿ ಸುರಿಯುತ್ತದೆ. ಈ ಲೆಕ್ಕ ಆಗ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿದ್ದದ್ದು ಒಂದೇ ಛತ್ರಿ, ಅದೂ ಆಯಿ, ಅಂದರೆ ನಮ್ಮ ಅಜ್ಜಿ, ಬಿಸಿಲಿಗೆ ಹಿಡಿಯುವುದು.

ಗಂಟು ಕಟ್ಟುವ ಕೆಲಸ ಮೂರು ದಿನ ನಡೆಯಿತು. ನನಗೆ ಗಾಲಿ ಇರುವ ಟ್ರಾಲಿ ಬ್ಯಾಗು ಬೇಕಿತ್ತು. ಅಪ್ಪ ಅಟ್ಟದ ಮೇಲಿಂದ ತಾನು ಟಿಸಿಎಚ್ (ಶಿಕ್ಷಕರ ತರಬೇತಿ) ಓದುವಾಗ ಒಯ್ದಿದ್ದ ಕಬ್ಬಿಣದ ಟ್ರಂಕು ಇಳಿಸಿದ. ಮೇಲೆ ಬಿಳಿ ಪೇಂಟಿನಲ್ಲಿ ಅಪ್ಪನ ಹೆಸರು, ಊರು, ತಾಲ್ಲೂಕು, ಜಿಲ್ಲೆ. "ಇದನ್ನ ಯಾರೂ ಕದಿಯಂಗಿಲ್ಲ" ಅಂದ. ನಿಜ, ಅದನ್ನು ಎತ್ತುವುದಕ್ಕೇ ಇಬ್ಬರು ಬೇಕು. ಚಿಲಕ ಮುರಿದಿತ್ತು, ಅದಕ್ಕೆ ಸುತ್ತಲೂ ಹಸಿರು ನೈಲಾನ್ ಹಗ್ಗ ಬಿಗಿದ. ನಾನು ಅಳು ಮುಖ ಮಾಡಿಕೊಂಡು ಕೂತಿದ್ದೆ.

ಅವ್ವ ಎರಡು ದಿನ ಕೂತು ಅರವತ್ತು ಖಡಕ್ ರೊಟ್ಟಿ ಮಾಡಿದಳು. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಬೇಯಿಸಿ, ಒಂದು ಹನಿ ತೇವ ಉಳಿಯದಂತೆ ಒಣಗಿಸಿದರೆ ನಮ್ಮ ಕಡೆ ತಿಂಗಳುಗಟ್ಟಲೆ ಇಟ್ಟರೂ ಏನೂ ಆಗುವುದಿಲ್ಲ. ಹಳೆ ಧೋತರದಲ್ಲಿ ಸುತ್ತಿ ಬುಟ್ಟಿಯಲ್ಲಿ ಜೋಡಿಸಿದಳು. ಶೇಂಗಾ ಹಿಂಡಿ (ಚಟ್ನಿಪುಡಿಗೆ ನಮ್ಮ ಕಡೆ ಹಿಂಡಿ ಅಂತಾರೆ), ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ನಮ್ಮದೇ ಗಿಡದ ಲಿಂಬೆ ಉಪ್ಪಿನಕಾಯಿ. ಓಣಿಯಲ್ಲಿ ಯಾರು ಬಂದರೂ ಒಂದೊಂದು ಪೊಟ್ಟಣ ಕೈಗಿಡುತ್ತಿದ್ದರು. "ಅಲ್ಲಿ ಬರೀ ಅನ್ನ ತಿಂತಾರಂತ, ಹುಡುಗಿ ಸೊರಗತೈತಿ" ಅಂತ ಎಲ್ಲರಿಗೂ ಚಿಂತೆ.

ಜಗಳ ಆದದ್ದು ಎರಡು ವಸ್ತುವಿಗೆ. ಮೊದಲನೆಯದು ಆಯಿಯ ಕೌದಿ. ತನ್ನ ಹಳೆ ಇಳಕಲ್ ಸೀರೆಗಳನ್ನೆಲ್ಲ ಒಂದರ ಮೇಲೊಂದು ಹಾಕಿ ಹೊಲಿದದ್ದು, ಎತ್ತಿದರೆ ಕೈ ಬಿದ್ದುಹೋಗುವಷ್ಟು ಭಾರ. ಇಂಜಿನಿಯರಿಂಗ್ ಕಾಲೇಜಿಗೆ ಯಾರಾದರೂ ಕೌದಿ ಒಯ್ಯುತ್ತಾರಾ ಅಂತ ನಾನು. "ನನ್ನ ಸೀರಿ ಅದಾವ ಅದರಾಗ, ಥಂಡಿ ಹತ್ತೂದಿಲ್ಲ" ಅಂತ ಆಯಿ. ಕೊನೆಗೆ ಆಯಿ ಮಾತು ನಿಲ್ಲಿಸಿ ಗೋಡೆ ಕಡೆ ತಿರುಗಿ ಮಲಗಿದಾಗ ನಾನೇ ಅದನ್ನು ಮಡಚಿ ಟ್ರಂಕಿನಲ್ಲಿಟ್ಟೆ.

ಎರಡನೆಯದು ನೀಲಿ ಪ್ಲಾಸ್ಟಿಕ್ ಕೊಡ. ನಮ್ಮೂರಲ್ಲಿ ನಲ್ಲಿ ನೀರು ಬರುವುದೇ ಎರಡು ಮೂರು ದಿನಕ್ಕೊಮ್ಮೆ, ಬಂದಾಗ ಮನೆಯಲ್ಲಿರುವ ಪಾತ್ರೆಯೆಲ್ಲ ತುಂಬಿಸಿಡಬೇಕು. "ನೀರು ಹಿಡಿದಿಡಾಕ ಒಂದ್ ಕೊಡ ಬೇಕಲ್ಲ" ಅಂದಳು ಅವ್ವ. ಸಮುದ್ರದ ಪಕ್ಕದ ಊರಿಗೆ ಕೊಡ! ನಾನು ಎಷ್ಟು ನಕ್ಕರೂ ಅವಳು ಕೇಳಲಿಲ್ಲ. ಜಾಗ ಹಾಳಾಗಬಾರದು ಅಂತ ಹಿಂಡಿ ಡಬ್ಬಿಗಳನ್ನೆಲ್ಲ ಆ ಕೊಡದೊಳಗೇ ತುಂಬಿ ಬಾಯಿಗೆ ಬಟ್ಟೆ ಕಟ್ಟಿದಳು.

ಕಾಗದಪತ್ರದ ಫೈಲು ಮಾತ್ರ ತಕರಾರಿಲ್ಲದೆ ತಯಾರಾಯಿತು. ಪ್ರತಿಯೊಂದರ ಹತ್ತು ಹತ್ತು ಜೆರಾಕ್ಸ್, ಇಪ್ಪತ್ತು ಪಾಸ್‌ಪೋರ್ಟ್ ಫೋಟೋ. ವರ್ಷದೊಳಗೆ ಎಲ್ಲವೂ ಖರ್ಚಾದವು.

ನಾನೂ ಅಪ್ಪನೂ ರಾತ್ರಿ ಬಸ್ಸು ಹತ್ತಿದೆವು. ವಿಜಯಪುರ ಬಿಟ್ಟು ಕೊಲ್ಹಾರದ ಸೇತುವೆ ದಾಟಿ, ನರಗುಂದ, ನವಲಗುಂದ, ಹುಬ್ಬಳ್ಳಿ. ಟ್ರಂಕಿಗೆ ಕಂಡಕ್ಟರ್ ಬೇರೆ ಲಗೇಜ್ ಟಿಕೆಟ್ ಹರಿದ. ಯಲ್ಲಾಪುರ ದಾಟಿ ಅರಬೈಲ್ ಘಾಟಿ ಇಳಿಯುವಾಗ ಎಚ್ಚರವಾಯಿತು. ಗಾಜಿನ ಮೇಲೆ ಯಾರೋ ಬಕೆಟ್ಟಿನಲ್ಲಿ ನೀರು ಎರಚಿದ ಹಾಗೆ ಮಳೆ. ಆ ವರ್ಷ ನಮ್ಮ ಕಡೆ ಬರ, ಮುಂಗಾರು ಬೆಳೆ ಒಣಗಿ ನಿಂತಿತ್ತು. ಅಪ್ಪ ನಿದ್ದೆ ಮಾಡದೆ ಕಿಟಕಿಯ ಕಡೆಯೇ ನೋಡುತ್ತಾ ಕೂತಿದ್ದ. "ಎಷ್ಟ್ ನೀರು ನೋಡ" ಅಂದ. ಆಮೇಲೆ ಅಂಕೋಲಾ ಬರುವ ತನಕ ಏನೂ ಮಾತಾಡಲಿಲ್ಲ.

ಹಾಸ್ಟೆಲಿನ ರೂಮಿನಲ್ಲಿ ಇನ್ನಿಬ್ಬರು ಆಗಲೇ ಬಂದಿದ್ದರು. ಒಬ್ಬಳು ಸುಳ್ಯದವಳು, ಇನ್ನೊಬ್ಬಳು ಮಂಜೇಶ್ವರದ ಕಡೆಯವಳು. ಸುಳ್ಯದವಳ ಹತ್ತಿರ ಇದ್ದದ್ದು ಭುಜಕ್ಕೆ ಹಾಕುವ ಒಂದೇ ಬ್ಯಾಗು. ನಾವು ಟ್ರಂಕು, ಬುಟ್ಟಿ, ಕೊಡ ಒಂದೊಂದೇ ಒಳಗೆ ತಂದಿಟ್ಟೆವು. ಅಪ್ಪ ಹೊರಗೆ ಹೋಗುವುದನ್ನೇ ಕಾದಿದ್ದು, "ಎಂತ ಮಾರಾಯ್ತಿ, ಮನೆಯೇ ತಂದದ್ದಾ?" ಅಂದಳು. ನಾನು ಆ ರಾತ್ರಿ ಅವಳ ಜೊತೆ ಮಾತಾಡಲಿಲ್ಲ.

ನಾಲ್ಕನೇ ದಿನ ರೊಟ್ಟಿ ಮುರಿಯಲು ಹೋದರೆ ಮುರಿಯಲಿಲ್ಲ. ಬಾಗಿತು. ಖಡಕ್ ರೊಟ್ಟಿ ಬಾಗುವುದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಗಾಳಿಯಲ್ಲಿನ ತೇವವನ್ನೆಲ್ಲ ಹೀರಿ ಒದ್ದೆ ಚರ್ಮದ ಹಾಗಾಗಿತ್ತು. ಉಪ್ಪು ಡಬ್ಬಿಯಲ್ಲಿ ನೀರಾಗಿತ್ತು. ವಾರ ಕಳೆಯುವಷ್ಟರಲ್ಲಿ ಹೊಸ ಕಪ್ಪು ಶೂ ಮೇಲೆ ಹಸಿರು ಬೂಷ್ಟು, ಬೆಲ್ಟಿನ ಮೇಲೆ ಬಿಳಿ ಬೂಷ್ಟು. ನಾಲ್ಕು ಜೀನ್ಸ್ ಒಯ್ದಿದ್ದೆ, ಒಂದು ಒಗೆದರೆ ಐದು ದಿನ ಒಣಗುವುದಿಲ್ಲ, ಒಣಗಿತು ಅಂದುಕೊಂಡು ಹಾಕಿಕೊಂಡರೆ ಕ್ಲಾಸಿನಲ್ಲಿ ನನಗೇ ನನ್ನ ವಾಸನೆ. ಅವ್ವ ಹುಡುಕಿ ಹುಡುಕಿ ಕಾಟನ್ ಚೂಡಿದಾರಗಳನ್ನೇ ಕೊಡಿಸಿದ್ದಳು, ಬಿಸಿಲಿಗೆ ತಂಪು ಅಂತ. ಸುಳ್ಯದವಳದ್ದು ಎಲ್ಲವೂ ಸಿಂಥೆಟಿಕ್. ರಾತ್ರಿ ಒಗೆದು ಫ್ಯಾನಿನ ಕೆಳಗೆ ಹಾಕಿದರೆ ಬೆಳಗ್ಗೆ ಮೈಮೇಲೆ. ಅವಳ ಬ್ಯಾಗು ಅಷ್ಟು ಸಣ್ಣದು ಯಾಕೆ ಅಂತ ಆಗ ಗೊತ್ತಾಯಿತು.

ರೂಮಿನಲ್ಲಿ ಬಟ್ಟೆ ಹಾಕಲು ಹಗ್ಗ ಇರಲಿಲ್ಲ. ಟ್ರಂಕಿಗೆ ಕಟ್ಟಿದ್ದ ಹಸಿರು ಹಗ್ಗವನ್ನೇ ಬಿಚ್ಚಿ ಈ ಕಿಟಕಿಯಿಂದ ಆ ಕಿಟಕಿಗೆ ಎಳೆದೆವು. ನಾನು ತಂದ ಸಾಮಾನಿನಲ್ಲಿ ಮೊದಲು ಕೆಲಸಕ್ಕೆ ಬಂದದ್ದು, ಯಾರೂ ಸಾಮಾನು ಅಂತ ಎಣಿಸಿರದ ಆ ಹಗ್ಗ. ಟ್ರಂಕು ಮಂಚದ ಕೆಳಗೆ ತುಕ್ಕು ಹಿಡಿಯುತ್ತಾ ಬಿತ್ತು. ನೆಲದ ಮೇಲೆ ಅದರ ನಾಲ್ಕು ಮೂಲೆಯ ಕೆಂಪು ಗುರುತು ಕೊನೆವರೆಗೂ ಹೋಗಲಿಲ್ಲ.

ರೊಟ್ಟಿಯ ಮಾತು ಇನ್ನೂ ಮುಗಿದಿಲ್ಲ. ಎಸೆಯಲು ಮನಸ್ಸು ಬರಲಿಲ್ಲ, ಮೆಸ್ಸಿಗೆ ಒಯ್ದೆ. ಅಡುಗೆಯ ಅಕ್ಕ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದೆಂತದು, ಹಪ್ಪಳವಾ?" ಅಂತ ಕೇಳಿದರು. ಆಮೇಲೆ ಅವರೇ ದೋಸೆ ಕಾವಲಿಯ ಮೇಲೆ ಒಂದೊಂದೇ ಒತ್ತಿ ಬಿಸಿ ಮಾಡಿಕೊಟ್ಟರು, ಮತ್ತೆ ಖಡಕ್ ಆದವು. ಕುಚ್ಚಲಕ್ಕಿ ಗಂಜಿಗೆ ಶೇಂಗಾ ಹಿಂಡಿ ಕಲಸಿಕೊಂಡು ರೊಟ್ಟಿ ಕಡಿಯುವ ಅಭ್ಯಾಸ ರೂಮಿನಲ್ಲಿ ಮೂವರಿಗೂ ಹತ್ತಿತು. ಅಗಸಿ ಹಿಂಡಿಯ ಕಡೆ ಮಾತ್ರ ಅವರಿಬ್ಬರೂ ತಿರುಗಿ ನೋಡಲಿಲ್ಲ.

ಕೌದಿ? ಹಾಸ್ಟೆಲಿನಲ್ಲಿ ಕೊಟ್ಟದ್ದು ಬರೀ ಮರದ ಹಲಗೆಯ ಮಂಚ. ಗಾದಿ ಕೊಳ್ಳುವ ತನಕ ಕೌದಿಯನ್ನೇ ನಾಲ್ಕು ಮಡಿಕೆ ಮಾಡಿ ಹಾಸಿಕೊಂಡೆ. ಹೊದೆಯುವ ಪ್ರಶ್ನೆಯೇ ಬರಲಿಲ್ಲ, ಮಳೆಯಲ್ಲೂ ಬೆವರುವ ಊರು ಅದು. ತಿಂಗಳೊಳಗೆ ಮುಗ್ಗಲು ವಾಸನೆ ಹೊಡೆಯತೊಡಗಿತು. ಒಗೆದರೆ ದೀಪಾವಳಿವರೆಗೆ ಒಣಗುವುದಿಲ್ಲ. ದಸರಾ ರಜೆಗೆ ಹೊತ್ತುಕೊಂಡು ವಾಪಸ್ ಹೋದೆ. ಆಯಿ ಏನೂ ಕೇಳಲಿಲ್ಲ, ಅಂಗಳದಲ್ಲಿ ಹರವಿದಳು. ಒಂದೇ ಮಧ್ಯಾಹ್ನದ ಬಿಸಿಲಿಗೆ ಗರಿಗರಿ ಆಯಿತು.

ಇನ್ನು ಕೊಡ. ಅದು ಮೂಲೆಯಲ್ಲಿ ಖಾಲಿ ಕೂತಿತ್ತು. ಮೂವರ ಒದ್ದೆ ಛತ್ರಿಗಳನ್ನು ಅದರಲ್ಲಿ ಸಿಕ್ಕಿಸಿಡುತ್ತಿದ್ದೆವು. ಆಮೇಲೆ 2016ರ ಬೇಸಿಗೆ ಬಂತು. ಮಂಗಳೂರಿಗೆ ನೀರು ಬರುವುದು ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ. ಆ ವರ್ಷ ಏಪ್ರಿಲ್, ಮೇ ಹೊತ್ತಿಗೆ ಅಲ್ಲಿ ನೀರು ತಳ ಕಂಡಿತು. ನಲ್ಲಿಗೆ ಪಾಳಿ ಬಂತು, ಹಾಸ್ಟೆಲಿಗೆ ಟ್ಯಾಂಕರ್ ಬರತೊಡಗಿತು. ಅದೂ ಹೇಳಿದ ಹೊತ್ತಿಗಲ್ಲ. ಆಗಸ್ಟಿನಲ್ಲಿ ಕಾರಿಡಾರಿನಲ್ಲೆಲ್ಲ ನೀರು ನಿಂತಿದ್ದ ಅದೇ ಕಟ್ಟಡದಲ್ಲಿ ಹುಡುಗಿಯರು ಬಕೆಟ್ಟು ಹಿಡಿದು ಸಾಲು ನಿಂತರು. ಬಕೆಟ್ಟಿನ ನೀರು ಸ್ನಾನಕ್ಕೇ ಹೋಗುತ್ತಿತ್ತು, ಹಿಡಿದಿಡಲು ಯಾರ ಹತ್ತಿರವೂ ಏನೂ ಇಲ್ಲ. ನಮ್ಮ ರೂಮಿನಲ್ಲಿ ಒಂದು ಕೊಡ ತುಂಬಿ ನಿಂತಿರುತ್ತಿತ್ತು.

ಮಳೆಯ ವಿಷಯದಲ್ಲಿ ನನಗೆ ಎಲ್ಲ ಕಲಿಸಿದ ಆ ಇಬ್ಬರಿಗೆ ಒಂದು ಕೊಡ ನೀರಿನಲ್ಲಿ ದಿನ ತಳ್ಳುವುದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಎಷ್ಟು ತಂಬಿಗೆಗೆ ಮುಖ, ಎಷ್ಟು ತಂಬಿಗೆಗೆ ತಲೆ, ಬಟ್ಟೆ ಜಾಲಿಸಿದ ನೀರನ್ನು ಬಚ್ಚಲಿಗೆ ಹೇಗೆ ಉಳಿಸಬೇಕು, ಇದೆಲ್ಲ ನಮ್ಮ ಮನೆಯಲ್ಲಿ ಯಾರೂ ಹೇಳಿಕೊಡುವುದಿಲ್ಲ, ನೋಡಿ ನೋಡಿಯೇ ಬಂದಿರುತ್ತದೆ. ಆ ಒಂದು ತಿಂಗಳು ನಾನೇ ರೂಮಿನ ಯಜಮಾನಿ. ಸ್ವಲ್ಪ ಜೋರಾಗಿಯೇ ಮೆರೆದೆ, ಸುಳ್ಳು ಯಾಕೆ ಹೇಳಲಿ. ಫೋನಿನಲ್ಲಿ ಅವ್ವನಿಗೆ ನೀರಿಲ್ಲ ಅಂತ ಹೇಳಿದಾಗ ಅವಳು "ನಾ ಹೇಳಿದ್ನಿಲ್ಲ" ಅನ್ನುತ್ತಾಳೆ ಅಂದುಕೊಂಡಿದ್ದೆ. ಅನ್ನಲಿಲ್ಲ. "ಕೊಡ ಒಡದಿಲ್ಲಲ್ಲ?" ಅಂತ ಕೇಳಿದಳು, ಅಷ್ಟೇ.

ಇಷ್ಟೆಲ್ಲ ನೆನಪಿಸಿಕೊಂಡು ಕೂತಿದ್ದಾಗಲೇ ಕಾಕಾನ ಮಗಳ ಉತ್ತರ ಬಂತು. "ಅಕ್ಕಾ, ನನಗ ಸೀಟ್ ಸಿಕ್ಕಿದ್ದು ರಾಯಚೂರ್ ಕೃಷಿ ಯುನಿವರ್ಸಿಟಿಯಾಗ. ಎರಡ್ ಛತ್ರಿ ತಗೊಂಡ್ ಹೋಗಿ ಏನ್ ಮಾಡ್ಲಿ?" ಜೊತೆಗೆ ಹಲ್ಲು ಕಿಸಿಯುವ ನಾಲ್ಕು ಇಮೋಜಿ.

ಎಲ್ಲಿ ಅಂತ ನಾನು ಕೇಳಿಯೇ ಇರಲಿಲ್ಲ. ಕಳಿಸಿದ ಲಿಸ್ಟ್ ಅಳಿಸಿ, ಫೋನ್ ಮಾಡಿ, ಕಾಕಿಗೆ ಕೊಡು ಅಂದೆ. ಕಾಕಿ ಆಗಲೇ ರೊಟ್ಟಿ ಬಡಿಯಲು ಕೂತಿದ್ದಾಳಂತೆ, ಕೈ ಹಿಟ್ಟು ಇದೆ, ಆಮೇಲೆ ಮಾತಾಡುತ್ತೇನೆ ಅಂದಳಂತೆ. ಬಡಿಯಲಿ. ರಾಯಚೂರಿನಲ್ಲಿ ರೊಟ್ಟಿ ಬಾಗುವುದಿಲ್ಲ.