ವಿಸೆಂತಿಕೊ ಹಾಡೋದು ಸ್ಕಾನಾ, ಸಾಲ್ಸಾನಾ?

ಅರ್ಜೆಂಟೀನಾದ ಲೋಸ್ ಫಾಬುಲೋಸೋಸ್ ಕ್ಯಾಡಿಲಾಕ್ಸ್ ತಂಡದ ಹಾಡು ಯಾರಿಗೆ ಕಳಿಸಿದರೂ ಒಂದೇ ಪ್ರಶ್ನೆ ಬರುತ್ತದೆ. "ಇದು ಸ್ಕಾನಾ, ಸಾಲ್ಸಾನಾ? ಎಲ್ಲಾ ಸೇರಿಸಿ ಕಲಸುಮೇಲೋಗರ ಮಾಡಿಟ್ಟಿದ್ದಾರಲ್ಲ!"

ನನ್ನ ಉತ್ತರ: ಸ್ಕಾ, ಜಮೈಕಾದ ಕುಣಿತದ ಸಂಗೀತ; ಕ್ಯೂಬಾ ಮೂಲದ ಸಾಲ್ಸಾ ಅಲ್ಲ. ಆದರೆ ಸ್ಕಾ ಯಾವತ್ತೂ ಮಡಿಯಲ್ಲಿ ಇದ್ದ ಸಂಗೀತ ಅಲ್ಲ.

ವಿಸೆಂತಿಕೊ ಈ ತಂಡದ ಹಾಡುಗಾರ. ನಿಜವಾದ ಹೆಸರು ಗಾಬ್ರಿಯೆಲ್ ಫೆರ್ನಾಂದೆಸ್ ಕಾಪೆಲ್ಲೊ, 1964ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹುಟ್ಟಿದವನು. ಅರ್ಜೆಂಟೀನಾದಲ್ಲಿ ಸೇನೆಯ ಆಡಳಿತ 1983ರಲ್ಲಿ ಮುಗಿಯಿತು. ಅದಾಗಿ ಸ್ವಲ್ಪ ದಿನಕ್ಕೇ ಇವನು, ಬಾಸ್ ನುಡಿಸುವ ಫ್ಲಾವಿಯೊ ಚಾಂಚಾರೂಲೊ ಮತ್ತು ಇನ್ನೊಂದಿಷ್ಟು ಹುಡುಗರು ಸೇರಿ ತಂಡ ಕಟ್ಟಿದರು. ಇಂಗ್ಲೆಂಡಿನ ಸ್ಕಾ ತಂಡಗಳಾದ ದಿ ಸ್ಪೆಷಲ್ಸ್, ಮ್ಯಾಡ್ನೆಸ್ ಅಂದರೆ ಅವರಿಗೆ ಪ್ರಾಣ. 1986ರ ಮೊದಲ ಆಲ್ಬಂ ಕೇಳಿದರೆ ಗೊತ್ತಾಗುತ್ತದೆ, ಹುಮ್ಮಸ್ಸು ಜಾಸ್ತಿ, ಸ್ವಂತದ್ದು ಕಮ್ಮಿ.

ಸ್ಕಾ ಗೊತ್ತಿಲ್ಲದವರು ಹೀಗೆ ಮಾಡಿ ನೋಡಿ. ಕಾಲಿನಲ್ಲಿ ತಾಳ ಹಾಕುತ್ತಾ ನಾಲ್ಕು ಎಣಿಸಿ. ಕಾಲು ನೆಲಕ್ಕೆ ಬಿದ್ದಾಗ ಸುಮ್ಮನಿರಿ, ಮೇಲೆದ್ದಾಗ ಚಪ್ಪಾಳೆ ಹೊಡೆಯಿರಿ. ಸ್ಕಾದ ಗಿಟಾರ್ 'ಚಕ್' ಅನ್ನುವುದು ಸರಿಯಾಗಿ ಆ ಚಪ್ಪಾಳೆಯ ಜಾಗದಲ್ಲಿ. 'ಚಕ್' ಅಂದು ತಕ್ಷಣ ಬಾಯಿ ಮುಚ್ಚಿಕೊಳ್ಳುತ್ತದೆ. ಉಳಿದ ಜಾಗವೆಲ್ಲ ಖಾಲಿ. ಅಲ್ಲಿ ಕ್ಯೂಬಾದ ಕಾಂಗಾ ಡೋಲು ಬರಬಹುದು, ಬ್ರೆಜಿಲ್‌ನ ಸಾಂಬಾ ಡೋಲು ಬರಬಹುದು, ಯಾರಿಗೂ ಯಾರೂ ಅಡ್ಡ ಬರುವುದಿಲ್ಲ.

ಇನ್ನೊಂದು ವಿಷಯ ಹೇಳಿದರೆ ಎಷ್ಟೋ ಜನ ನಂಬುವುದಿಲ್ಲ. ಜಮೈಕಾದಲ್ಲಿ 1964ರಲ್ಲಿ ಶುರುವಾದ ಸ್ಕಟಲೈಟ್ಸ್ ತಂಡ ಸ್ಕಾಗೆ ಮೂಲಪುರುಷರಿದ್ದ ಹಾಗೆ, ಅಲ್ವಾ? ಅದರ ಇಬ್ಬರು ಸ್ಯಾಕ್ಸೊಫೋನ್ ವಾದಕರು, ಟಾಮಿ ಮಕುಕ್ ಮತ್ತು ರೋಲಂಡ್ ಅಲ್ಫಾನ್ಸೊ, ಹುಟ್ಟಿದ್ದು ಕ್ಯೂಬಾದಲ್ಲಿ! ಜಮೈಕಾದ ಇನ್ನೊಬ್ಬ ಸ್ಕಾ ವಾದಕ, ಟ್ರಾಂಬೋನ್ ಊದುವ ರಿಕೊ ರೊಡ್ರಿಗೆಸ್ ಕೂಡ ಕ್ಯೂಬಾದಲ್ಲೇ ಹುಟ್ಟಿದವನು. ಅವನು ಮುಂದೆ ಇಂಗ್ಲೆಂಡಿಗೆ ಹೋಗಿ ಸ್ಪೆಷಲ್ಸ್ ಜೊತೆ ನುಡಿಸಿದ. ಅಂದರೆ ಬ್ಯೂನಸ್ ಐರಿಸ್ ಹುಡುಗರು ಯಾರನ್ನು ನಕಲು ಮಾಡುತ್ತಿದ್ದರೋ ಅವರ ಹಾಡಿನಲ್ಲೇ ಒಬ್ಬ ಕ್ಯೂಬಾದವನ ಉಸಿರು ಇತ್ತು. ಹೊರಗಿನಿಂದ ತಂದು ಸುರಿದದ್ದು ಏನೂ ಇಲ್ಲ.

1988ರಲ್ಲಿ ಕ್ಯಾಡಿಲಾಕ್ಸ್ ಜೊತೆ ಸೆಲಿಯಾ ಕ್ರೂಸ್ 'ವಾಸೋಸ್ ವಾಸಿಯೋಸ್' ಹಾಡಿದರು. ಸಾಲ್ಸಾ ಲೋಕದ ರಾಣಿ, ಇನ್ನೂ ಮೀಸೆ ಚಿಗುರಿದ ಸ್ಕಾ ಹುಡುಗರ ಜೊತೆ! ಆಕೆಯ ದನಿ ಬಂದ ಕೂಡಲೇ ವಿಸೆಂತಿಕೊ ಸ್ವಲ್ಪ ಚಿಕ್ಕವನಾಗಿ ಕಾಣುತ್ತಾನೆ. ಆದರೂ ಹಾಡು ಚೆನ್ನಾಗಿದೆ.

ಆಮೇಲೆ 1993ರ 'ಮಾತಾದೋರ್'. ಬರೆದದ್ದು ಫ್ಲಾವಿಯೊ. ಡೋಲುಗಳ ಅಬ್ಬರ ಕೇಳಿದರೆ ಯಾವುದೋ ಸಾಂಬಾ ಮೆರವಣಿಗೆ ಬೀದಿಗೆ ಬಂತು ಅನಿಸುತ್ತದೆ, ಕಾಲು ಸುಮ್ಮನೆ ನಿಲ್ಲುವುದಿಲ್ಲ. ಮಾತು ಏನು ಅಂತ ನೋಡಿದರೆ ಎದೆ ಝಲ್ಲೆನ್ನುತ್ತದೆ. ಬಂದೂಕು ಹಿಡಿದವರು ಒಬ್ಬನನ್ನು ಅವನ ಕೇರಿಯಲ್ಲೇ ಬೇಟೆಯಾಡುತ್ತಿದ್ದಾರೆ. ತನ್ನ ಕಥೆ ಮುಗಿಯಿತು ಅಂತ ಅವನಿಗೂ ಗೊತ್ತು. ನಡುವೆ ವಿಕ್ತೊರ್ ಹಾರಾ ಹೆಸರು ಬರುತ್ತದೆ, 1973ರಲ್ಲಿ ಚಿಲಿಯ ಸೇನೆ ಕೊಂದ ಹಾಡುಗಾರ. ಇಷ್ಟು ಭಾರದ ಮಾತನ್ನು ಕುಣಿತದ ಮೇಲೆ ಹೊರಿಸಿದ್ದು ತಪ್ಪು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಳುಮುಂಜಿ ರಾಗದಲ್ಲಿ ಹಾಡಿದ್ದರೆ ಎರಡನೇ ಸಲ ಯಾರು ಕೇಳುತ್ತಿದ್ದರು? ಇದರಲ್ಲಿ ಸ್ಕಾವನ್ನು ಹುಡುಕಬೇಕು, ನಿಜ. ತುತ್ತೂರಿಗಳು ಒಟ್ಟಿಗೆ ಎದ್ದು ಚುಟುಕಾಗಿ ಊದಿ ಸುಮ್ಮನಾಗುತ್ತವಲ್ಲ, ಅಲ್ಲಿದೆ.

1997ರ 'ಫಾಬುಲೋಸೋಸ್ ಕಾಲವೇರಾ'ದಲ್ಲಿ ಪಂಕ್, ಟ್ಯಾಂಗೊ, ಜಾಜ್, ಸಾಲ್ಸಾ ಎಲ್ಲವೂ ಡಿಕ್ಕಿ ಹೊಡೆಯುತ್ತವೆ. ಲ್ಯಾಟಿನ್ ರಾಕ್‌ಗೆ ಗ್ರ್ಯಾಮಿ ಶುರುವಾದದ್ದು 1998ರಲ್ಲಿ, ಮೊದಲನೆಯದು ಸಿಕ್ಕಿದ್ದು ಇದಕ್ಕೇ. ಅಡುಗೆ ಮಾಡುವಾಗ ಹಾಕುವ ಆಲ್ಬಂ ಅಲ್ಲ, ಗಮನ ಕೊಡದಿದ್ದರೆ ಬರೀ ಗಲಾಟೆ.

ವಿಸೆಂತಿಕೊ ಒಬ್ಬನೇ ಮಾಡಿದ ಆಲ್ಬಂಗಳು ಬೇರೆಯೇ. 2004ರಲ್ಲಿ ಕೊಲಂಬಿಯಾದ ವಯ್ಯೆನಾತೊ ಶೈಲಿಯ 'ಲೋಸ್ ಕಾಮಿನೋಸ್ ದೆ ಲಾ ವಿದಾ' ಹಾಡಿದ, ಮನಸ್ಸಿಗೆ ನಾಟುವ ಹಾಗೆ. ಅದನ್ನು ಸ್ಕಾ ಅಂತ ನಾನೂ ಹೇಳಲಾರೆ. ತಂಡದ ಜೊತೆ ಇದ್ದಾಗ ಇರುವ ಕಿಚ್ಚು ಅಲ್ಲಿ ಇಲ್ಲ. ನನಗೆ ತಂಡದವನೇ ಇಷ್ಟ. ಮೆಕ್ಸಿಕೊ ಸಿಟಿಯ ಸೊಕಾಲೊ ಚೌಕಕ್ಕೂ ಬಹುಶಃ ಅವನೇ ಇಷ್ಟ. 2023ರ ಜೂನ್‌ನಲ್ಲಿ ಈ ತಂಡದ ಉಚಿತ ಕಾರ್ಯಕ್ರಮಕ್ಕೆ ಅಲ್ಲಿ ಸೇರಿದವರು 3 ಲಕ್ಷ ಅಂತ ಅಲ್ಲಿನ ಸರ್ಕಾರವೇ ಲೆಕ್ಕ ಕೊಟ್ಟಿತ್ತು.

ಹೊಸಬರು 1986ರಿಂದ ಶುರು ಮಾಡಬೇಡಿ, ಬೇಜಾರಾಗುತ್ತದೆ. ಮೊದಲು 'ಮಾತಾದೋರ್', ಆಮೇಲೆ ಸೆಲಿಯಾ ಕ್ರೂಸ್ ಹಾಡು. ಇಷ್ಟ ಆದರೆ ಸ್ಕಟಲೈಟ್ಸ್ ಕಡೆ ಹೋಗಿ. ಇಯರ್‌ಫೋನ್ ಬೇಡ, ಸ್ಪೀಕರ್‌ನಲ್ಲಿ ಹಾಕಿ.